ಋತುಬಂಧದ ಹಾರ್ಮೋನ್ ಚಿಕಿತ್ಸೆ: ವೆಚ್ಚದ ಲೆಕ್ಕ ಮತ್ತು ಮಿತವ್ಯಯದ ಮಾರ್ಗಗಳು

ಒಂದು ಕಾಲಕ್ಕೆ ಹೋಬಳಿ ಕೇಂದ್ರವಾಗಿ, ವಿಶಾಲವಾದ ಕೆರೆಯ ದಂಡೆಯ ಊರಾಗಿ ಪರಿಚಿತವಾಗಿದ್ದ ವರ್ತೂರು ಇಂದು ವೈಟ್‌ಫೀಲ್ಡ್ ಮಾಹಿತಿ ತಂತ್ರಜ್ಞಾನ ವಲಯದ ಅವಿಭಾಜ್ಯ ಅಂಗವಾಗಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದ ಈ ಪ್ರದೇಶ, 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ರಚನೆಯಾದಾಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಇಲ್ಲಿನ ಕಚೇರಿಗಳು, ಶಾಲೆಗಳು, ಅಂಗಡಿಗಳು ಮತ್ತು ವಸತಿ ಸಮುಚ್ಚಯಗಳು ನಡೆಯುತ್ತಿರುವುದರಲ್ಲಿ ಮಹಿಳೆಯರ ಪಾಲು ದೊಡ್ಡದು. ತಂತ್ರಾಂಶ ಸಂಸ್ಥೆಯ ವ್ಯವಸ್ಥಾಪಕಿಯಿಂದ ಹಿಡಿದು ಸ್ವಚ್ಛತಾ ಗುತ್ತಿಗೆದಾರರ ಕೆಳಗೆ ದುಡಿಯುವ ಕಾರ್ಮಿಕಳವರೆಗೆ, ನಲವತ್ತೈದರಿಂದ ಐವತ್ತೈದರ ವಯೋಮಾನದ ಸಾವಿರಾರು ಮಹಿಳೆಯರು ಪ್ರತಿದಿನ ಈ ಭಾಗದಲ್ಲಿ ಕೆಲಸಕ್ಕೆ ಹಾಜರಾಗುತ್ತಾರೆ.

ಈ ವಯೋಮಾನದಲ್ಲಿಯೇ ಋತುಬಂಧ, ಅಂದರೆ ಮುಟ್ಟು ನಿಲ್ಲುವಿಕೆ, ಸಂಭವಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51 ಆಗಿದ್ದರೆ, ಭಾರತೀಯ ಮಹಿಳೆಯರಲ್ಲಿ 46-47 ಎಂದು ತಜ್ಞರು ಹೇಳುತ್ತಾರೆ. ಅನುಭವ, ಜವಾಬ್ದಾರಿ ಮತ್ತು ವೇತನ ಮೂರೂ ಏರುಮುಖದಲ್ಲಿರುವ ಹೊತ್ತಿಗೇ ಮೈ ಬಿಸಿಯೇರುವುದು, ರಾತ್ರಿ ಬೆವರು, ನಿದ್ರಾಹೀನತೆ, ಕೀಲುನೋವು, ಮನಸ್ಸಿನ ಏರುಪೇರುಗಳು ಕಾಣಿಸಿಕೊಳ್ಳುತ್ತವೆ. ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ಆದರೆ ತೀವ್ರ ತೊಂದರೆ ಇರುವವರಿಗೆ ಹಾರ್ಮೋನ್ ಮರುಪೂರಣ ಚಿಕಿತ್ಸೆ, ಅಂದರೆ ಎಚ್‌ಆರ್‌ಟಿ, ಅತ್ಯಂತ ಪರಿಣಾಮಕಾರಿ ಎಂಬುದರಲ್ಲಿ ವೈದ್ಯಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆ ಇರುವುದು ವೆಚ್ಚದ್ದು. ಇದು ಒಂದು ವಾರದ ಔಷಧವಲ್ಲ. ವರ್ಷಗಟ್ಟಲೆ ನಡೆಯುವ ಖರ್ಚು. ಈ ಖರ್ಚನ್ನು ಹೇಗೆ ಅರಿಯಬೇಕು, ಎಲ್ಲಿ ತಗ್ಗಿಸಬಹುದು, ಉದ್ಯೋಗದಾತರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಭಯದ ಮೂಲ ಮತ್ತು ಅಂಕಿಗಳ ಸತ್ಯ

ಈ ಚಿಕಿತ್ಸೆಯ ಬಗ್ಗೆ ಜನರಲ್ಲಿ ಮಾತ್ರವಲ್ಲದೆ ಅನೇಕ ವೈದ್ಯರಲ್ಲಿಯೂ ಹಿಂಜರಿಕೆ ಇದೆ. ಅದರ ಮೂಲ 2002ನೇ ಇಸವಿಯಲ್ಲಿದೆ. ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಹೆಸರಿನಲ್ಲಿ ನಡೆದ ಬೃಹತ್ ಅಧ್ಯಯನದ ಒಂದು ವಿಭಾಗದಲ್ಲಿ 16,608 ಮಹಿಳೆಯರಿದ್ದರು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದು, ಸರಾಸರಿ 5.2 ವರ್ಷಗಳ ನಂತರ ಆ ವಿಭಾಗವನ್ನು ನಿಲ್ಲಿಸಲಾಯಿತು. ಅಪಾಯ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು.

ಶೇಕಡಾವಾರು ಅಂಕಿಯನ್ನು ಅದರ ಮೂಲ ಸಂಖ್ಯೆಯಿಲ್ಲದೆ ಓದಬಾರದೆಂಬುದು ಲೆಕ್ಕಪತ್ರ ಬಲ್ಲವರಿಗೆ ಹೊಸದಲ್ಲ. ಈ ಶೇ. 26ರ ಹಿಂದಿದ್ದ ಸಂಖ್ಯೆ ಇಷ್ಟು: ವರ್ಷಕ್ಕೆ ಪ್ರತಿ 10,000 ಮಹಿಳೆಯರಲ್ಲಿ 30 ಇದ್ದ ಪ್ರಕರಣಗಳು 38ಕ್ಕೆ ಏರಿದವು. ಅಂದರೆ 10,000ಕ್ಕೆ 8 ಹೆಚ್ಚುವರಿ ಪ್ರಕರಣಗಳು. ಪಾರ್ಶ್ವವಾಯುವಿನಲ್ಲೂ 8, ಹೃದ್ರೋಗದಲ್ಲಿ 7 ಹೆಚ್ಚುವರಿ ಪ್ರಕರಣಗಳು ಕಂಡವು. ಇನ್ನೊಂದು ಬದಿಯಲ್ಲಿ ಸೊಂಟದ ಮೂಳೆ ಮುರಿತ 5, ದೊಡ್ಡ ಕರುಳಿನ ಕ್ಯಾನ್ಸರ್ 6 ಪ್ರಕರಣಗಳಷ್ಟು ಕಡಿಮೆಯಾದವು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತ ಆರಂಭದ ವರ್ಷಗಳಲ್ಲಿ ಪರಿಹಾರ ಅರಸಿ ಬರುವ ಮಹಿಳೆಯರಿಗಿಂತ ಇವರು ಬಹಳ ಹಿರಿಯರು ಎಂಬುದು ಆಗ ಹೆಚ್ಚಿನ ಗಮನಕ್ಕೆ ಬರಲಿಲ್ಲ.

ನಂತರದ ವರ್ಷಗಳ ವಿಶ್ಲೇಷಣೆಯಿಂದ ಚಿತ್ರ ಸ್ಪಷ್ಟವಾಯಿತು. 60 ವರ್ಷದೊಳಗಿನವರಲ್ಲಿ, ಅಥವಾ ಮುಟ್ಟು ನಿಂತು 10 ವರ್ಷ ಕಳೆಯುವ ಮೊದಲೇ ಆರಂಭಿಸಿದವರಲ್ಲಿ, ಸಾಮಾನ್ಯವಾಗಿ ಲಾಭವೇ ಅಪಾಯಕ್ಕಿಂತ ಹೆಚ್ಚು ಎಂಬ ಅಭಿಪ್ರಾಯ ಬಲಗೊಂಡಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಸುವ ಕ್ರಮವನ್ನು ಪ್ರಕಟಿಸಿತು. ಇದರರ್ಥ ಅಪಾಯವೇ ಇಲ್ಲವೆಂದಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಉಳ್ಳವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ಸಾಮಾನ್ಯವಾಗಿ ಬಳಸುವಂತಿಲ್ಲ. ಆದುದರಿಂದ ವೈದ್ಯರ ತಪಾಸಣೆ ಮತ್ತು ಚೀಟಿ ಇಲ್ಲದೆ ಈ ಔಷಧ ಸೇವಿಸುವುದು ಸರ್ವಥಾ ಸಲ್ಲದು. ಕಾನೂನಿನ ಪ್ರಕಾರವೂ ಇವು ಶೆಡ್ಯೂಲ್ ಎಚ್ ಔಷಧಗಳು.

ಎಳೆಯ ವಯಸ್ಸಿನಲ್ಲೇ ಅಗತ್ಯ ಬೀಳುವವರು

ಈ ಚಿಕಿತ್ಸೆ ಸಿರಿವಂತರ ಸೌಖ್ಯಕ್ಕೆ ಸಂಬಂಧಿಸಿದ್ದೆಂಬ ಭಾವನೆ ತಪ್ಪು. ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ, ಮಹಿಳೆಯ ವಯಸ್ಸು ಮೂವತ್ತೈದೇ ಇರಲಿ, ಋತುಬಂಧ ತಕ್ಷಣವೇ ಎರಗುತ್ತದೆ. ಗರ್ಭಕೋಶವನ್ನಷ್ಟೇ ತೆಗೆದಾಗಲೂ ಅದು ಕೆಲವು ವರ್ಷ ಮೊದಲೇ ಬರುವ ಸಂಭವವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡವರು. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂಬ ದೂರುಗಳು 2015ರ ವೇಳೆಗೆ ಬೆಳಕಿಗೆ ಬಂದು ತನಿಖೆ ನಡೆದದ್ದನ್ನು ಓದುಗರು ಸ್ಮರಿಸಬಹುದು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು.

ಹೀಗೆ ಅಕಾಲದಲ್ಲಿ ಅಂಡಾಶಯ ಕಳೆದುಕೊಂಡವರಿಗೆ, ವಿರೋಧ ಕಾರಣಗಳಿಲ್ಲದಿದ್ದಲ್ಲಿ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನ್ ನೀಡಬೇಕೆಂಬುದು ಒಪ್ಪಿತ ಪದ್ಧತಿ. ಇಲ್ಲವಾದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡ ಕಾರ್ಮಿಕಳಿಗೆ ಇದು ಎಂಟು-ಹತ್ತು ವರ್ಷಗಳ ಖರ್ಚು. ವರ್ತೂರಿನ ವಸತಿ ಸಮುಚ್ಚಯಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಮತ್ತು ನೆರೆ ರಾಜ್ಯಗಳಿಂದ ಬಂದಿರುವ ಮಹಿಳೆಯರ ವಿಷಯದಲ್ಲಿ ಇದು ದೂರದ ಮಾತಲ್ಲ.

ಒಂದು ವರ್ಷದ ಅಂದಾಜು ವೆಚ್ಚ

ಗರ್ಭಕೋಶ ಇಲ್ಲದವರಿಗೆ ಈಸ್ಟ್ರೊಜೆನ್ ಒಂದೇ ಸಾಕು. ಗರ್ಭಕೋಶ ಇರುವವರಿಗೆ ಅದರ ಒಳಪದರದ ರಕ್ಷಣೆಗಾಗಿ ಪ್ರೊಜೆಸ್ಟರಾನ್ ವರ್ಗದ ಔಷಧವೂ ಬೇಕು. ಬೆಲೆಗಳು ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬಹಳ ವ್ಯತ್ಯಾಸವಾಗುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ಈಸ್ಟ್ರೊಜೆನ್ ಮಾತ್ರೆಗೆ 8 ರೂ., ಪ್ರೊಜೆಸ್ಟರಾನ್ ಗುಳಿಗೆಗೆ 30 ರೂ. ಎಂದು ಇಟ್ಟುಕೊಳ್ಳೋಣ.

ದಿನಕ್ಕೊಂದರಂತೆ ಈಸ್ಟ್ರೊಜೆನ್: 365 x 8 = 2,920 ರೂ.
ತಿಂಗಳಿಗೆ 12 ದಿನ ಪ್ರೊಜೆಸ್ಟರಾನ್: 144 x 30 = 4,320 ರೂ.
ಔಷಧಗಳ ಮೊತ್ತ: 7,240 ರೂ.
ವರ್ಷಕ್ಕೆ ಎರಡು ಸಲ ತಜ್ಞರ ಭೇಟಿ, ತಲಾ 600 ರೂ.ನಂತೆ: 1,200 ರೂ.
ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಇತ್ಯಾದಿ: 3,000 ರೂ.
ಒಟ್ಟು: 11,440 ರೂ.

ತಿಂಗಳಿಗೆ 953 ರೂ. ಆಯಿತು. ಮಾಸಿಕ 15,000 ರೂ. ವೇತನದ ಮಹಿಳೆಗೆ ಇದು ವೇತನದ ಶೇ. 6ಕ್ಕೂ ಅಧಿಕ. ಮನೆ ಬಾಡಿಗೆ, ಮಕ್ಕಳ ಶುಲ್ಕ, ಅತ್ತೆ-ಮಾವನ ಔಷಧ ಕಳೆದ ಮೇಲೆ ತನಗಾಗಿ ಇಷ್ಟನ್ನು ತೆಗೆದಿಡುವ ಗೃಹಿಣಿಯರು ವಿರಳ. ಎರಡು ತಿಂಗಳು ನುಂಗಿ, ಮೂರನೆಯ ತಿಂಗಳು ನಿಲ್ಲಿಸುವುದೇ ಹೆಚ್ಚು. ಇದರಿಂದ ಗುಣವೂ ಇಲ್ಲ, ಹಣವೂ ಇಲ್ಲ.

ಈ ಲೆಕ್ಕದಲ್ಲಿ ಎರಡು ಅಂಶ ಗಮನಾರ್ಹ. ಮೊದಲನೆಯದು, 28 ಮಾತ್ರೆಗಳ ಪ್ಯಾಕ್ ವರ್ಷಕ್ಕೆ 12 ಅಲ್ಲ, 13 ಬೇಕಾಗುತ್ತದೆ. ಆದುದರಿಂದ ಪ್ಯಾಕಿನ ಬೆಲೆಯನ್ನಲ್ಲ, ಒಂದು ಮಾತ್ರೆಯ ಬೆಲೆಯನ್ನು ಹೋಲಿಸಬೇಕು. ಮಾತ್ರೆಯ ಪ್ರಮಾಣ 1 ಮಿಲಿಗ್ರಾಂ ಇದೆಯೋ 2 ಮಿಲಿಗ್ರಾಂ ಇದೆಯೋ ನೋಡಬೇಕು. ಎರಡನೆಯದು, ಪರೀಕ್ಷೆಗಳ ವೆಚ್ಚ. 45 ವರ್ಷ ಮೀರಿದ, ಸ್ಪಷ್ಟ ಲಕ್ಷಣಗಳಿರುವ ಮಹಿಳೆಯರಲ್ಲಿ ಋತುಬಂಧವನ್ನು ಗುರುತಿಸಲು ಎಫ್‌ಎಸ್‌ಎಚ್ ಹಾರ್ಮೋನ್ ಪರೀಕ್ಷೆಯ ಅಗತ್ಯವಿಲ್ಲವೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ಹೇಳಿದೆ. ಪ್ರಯೋಗಾಲಯಗಳ ಹಾರ್ಮೋನ್ ಪ್ಯಾಕೇಜುಗಳಿಗೆ ಹಣ ತೆರುವ ಮುನ್ನ ಯಾವ ಪರೀಕ್ಷೆ ಅವಶ್ಯ, ಯಾವುದು ಐಚ್ಛಿಕ ಎಂದು ವೈದ್ಯರನ್ನು ಕೇಳುವುದು ಉಚಿತ. ರಕ್ತದೊತ್ತಡ ಮತ್ತು ಸ್ತನ ತಪಾಸಣೆಯನ್ನು ಮಾತ್ರ ಎಂದಿಗೂ ಕೈಬಿಡಬಾರದು.

ಬೆಲೆ ನಿಯಂತ್ರಣದ ವ್ಯಾಪ್ತಿ

ದೇಶದಲ್ಲಿ ಔಷಧಗಳ ಬೆಲೆಯನ್ನು 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ನಿಗಾವಹಿಸುತ್ತದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಶೇ. 1 ಅಥವಾ ಅದಕ್ಕೂ ಹೆಚ್ಚು ಮಾರುಕಟ್ಟೆ ಪಾಲುಳ್ಳ ಬ್ರ್ಯಾಂಡ್‌ಗಳ ಸರಾಸರಿ ಬೆಲೆಗೆ ಚಿಲ್ಲರೆ ವ್ಯಾಪಾರಿಯ ಶೇ. 16ರ ಲಾಭಾಂಶ ಸೇರಿಸುವುದು ಇದರ ಸೂತ್ರ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು ತಯಾರಕರೇ ನಿರ್ಧರಿಸುತ್ತಾರೆ. 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬುದಷ್ಟೇ ನಿರ್ಬಂಧ. ಚಕ್ರಗತಿಯಲ್ಲಿ ಇದನ್ನು ಲೆಕ್ಕ ಹಾಕಿದರೆ 100 ರೂ. ಬೆಲೆಯ ಪ್ಯಾಕ್ ಐದು ವರ್ಷಗಳಲ್ಲಿ 161 ರೂ.ವರೆಗೆ ಏರಲು ಅವಕಾಶವಿದೆ.

2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ 384 ಔಷಧಗಳ ಪರಿಷ್ಕೃತ ಪಟ್ಟಿಯಿಂದ 26 ಔಷಧಗಳನ್ನು ಕೈಬಿಡಲಾಯಿತು. ಅವುಗಳಲ್ಲಿ ಎಥಿನೈಲ್ ಎಸ್ಟ್ರಾಡಯಾಲ್ ಕೂಡ ಒಂದು. ಇದು ಹಳೆಯ ತಲೆಮಾರಿನ ಈಸ್ಟ್ರೊಜೆನ್. ಇಂದು ಋತುಬಂಧದ ಚಿಕಿತ್ಸೆಗೆ ವೈದ್ಯರು ಎಸ್ಟ್ರಾಡಯಾಲ್‌ನ ಇತರ ರೂಪಗಳನ್ನೇ ಹೆಚ್ಚಾಗಿ ಬರೆಯುತ್ತಾರೆ. ಆದರೂ ಮಧ್ಯವಯಸ್ಸಿನ ಮಹಿಳೆಯ ಅಗತ್ಯ ನೀತಿ ನಿರೂಪಕರ ಕಣ್ಣಿಗೆ ಎಷ್ಟು ಬಿದ್ದಿದೆ ಎಂಬ ಪ್ರಶ್ನೆಯನ್ನು ಈ ಬೆಳವಣಿಗೆ ಎತ್ತುತ್ತದೆ.

ಬೆಲೆ ಇಳಿಸುವ ಇನ್ನೊಂದು ಶಕ್ತಿ ಸ್ಪರ್ಧೆ. ಡೈಡ್ರೊಜೆಸ್ಟರಾನ್ ಎಂಬ ಪ್ರೊಜೆಸ್ಟರಾನ್ ವರ್ಗದ ಔಷಧ ನಮ್ಮ ಮಾರುಕಟ್ಟೆಯಲ್ಲಿ ದೀರ್ಘಕಾಲ ಒಂದೇ ಬಹುರಾಷ್ಟ್ರೀಯ ಸಂಸ್ಥೆಯ ಹಿಡಿತದಲ್ಲಿತ್ತು. 2019ರಿಂದ ಭಾರತೀಯ ಸಂಸ್ಥೆಗಳು ಅದನ್ನು ತಯಾರಿಸತೊಡಗಿದ ಮೇಲೆ ಗ್ರಾಹಕರಿಗೆ ಆಯ್ಕೆ ದೊರೆಯಿತು. ತೆರಿಗೆಯ ಕಡೆಯಿಂದಲೂ ಸ್ವಲ್ಪ ನೆಮ್ಮದಿ ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಸೇರಿ 112 ರೂ. ಇದ್ದ ಔಷಧ 105 ರೂ.ಗೆ ಸಿಗಬೇಕು.

ಚೀಟಿಯಲ್ಲಿ ಏನು ಬರೆದಿದೆ?

ಅಗ್ಗದ ಔಷಧ ದೊರೆಯುವುದು ಅಥವಾ ದೊರೆಯದಿರುವುದು ಬಹುಮಟ್ಟಿಗೆ ವೈದ್ಯರ ಚೀಟಿಯಲ್ಲೇ ನಿರ್ಧಾರವಾಗುತ್ತದೆ. 1945ರ ಔಷಧ ನಿಯಮಗಳ 65 (11ಎ) ನಿಯಮದಂತೆ, ಚೀಟಿಯಲ್ಲಿ ಶೆಡ್ಯೂಲ್ ಎಚ್ ಔಷಧವನ್ನು ಬ್ರ್ಯಾಂಡ್ ಹೆಸರಿನಲ್ಲಿ ಬರೆದಿದ್ದರೆ, ಅದೇ ಸಂಯುಕ್ತದ ಅಗ್ಗದ ಮಾತ್ರೆಯನ್ನು ಔಷಧ ವ್ಯಾಪಾರಿ ತಾನಾಗಿ ಬದಲಿಸಿ ಕೊಡುವಂತಿಲ್ಲ. ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮಾವಳಿ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಆದ್ದರಿಂದ ಚೀಟಿ ಬರೆಯುವ ಹೊತ್ತಿನಲ್ಲೇ “ಡಾಕ್ಟರೇ, ಔಷಧದ ಮೂಲ ಹೆಸರು ಬರೆದುಕೊಡಿ” ಎಂದು ಕೇಳುವುದು ಮಹಿಳೆಯ ಕೈಯಲ್ಲಿರುವ ಅತಿ ದೊಡ್ಡ ಉಳಿತಾಯ.

ಮೂಲ ಹೆಸರಿನ ಚೀಟಿ ಕೈಯಲ್ಲಿದ್ದರೆ ಜನೌಷಧಿ ಕೇಂದ್ರದ ಬಾಗಿಲು ತೆರೆಯುತ್ತದೆ. 2008ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 2025ರ ಆರಂಭಕ್ಕೆ ದೇಶದಲ್ಲಿ 15,000 ಕೇಂದ್ರಗಳಿದ್ದವು. ಇಲ್ಲಿನ ಔಷಧಗಳ ಬೆಲೆ ಬ್ರ್ಯಾಂಡ್ ಔಷಧಗಳಿಗಿಂತ ಸಾಮಾನ್ಯವಾಗಿ ಶೇ. 50ರಿಂದ 80ರಷ್ಟು ಕಡಿಮೆ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿದಾಗ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಆಸ್ಪತ್ರೆಗಳ ಹೊರಗಿನ ಕೇಂದ್ರಗಳಿಗೆ ಆ ಆದೇಶ ಅನ್ವಯಿಸುವುದಿಲ್ಲ. ಬೇಕಾದ ಔಷಧ ಪಟ್ಟಿಯಲ್ಲಿದೆಯೇ, ಹತ್ತಿರದ ಕೇಂದ್ರ ಯಾವುದು ಎಂಬುದನ್ನು ‘ಜನೌಷಧಿ ಸುಗಮ್’ ಮೊಬೈಲ್ ಆ್ಯಪ್‌ನಲ್ಲಿ ಮೊದಲೇ ನೋಡಿಕೊಂಡರೆ ವ್ಯರ್ಥ ಓಡಾಟ ತಪ್ಪುತ್ತದೆ. ಬ್ರ್ಯಾಂಡ್‌ಗಳ ಬೆಲೆ ಹೋಲಿಕೆಗೆ ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಸೌಲಭ್ಯವಿದೆ. ಮೇಲಿನ ಉದಾಹರಣೆಯಲ್ಲಿ ಔಷಧದ ಬೆಲೆ ಅರ್ಧಕ್ಕೆ ಇಳಿದರೂ ವರ್ಷಕ್ಕೆ 3,620 ರೂ. ಉಳಿಯುತ್ತದೆ.

ಅಂಗಡಿಯ ಕಪಾಟಿನಲ್ಲಿ ಏಕಿಲ್ಲ?

ಬೆಲೆ ಕಡಿಮೆಯಾದರೆ ಸಾಲದು, ದಾಸ್ತಾನೂ ಇರಬೇಕು. ಸಣ್ಣ ಔಷಧ ಅಂಗಡಿಗಳಲ್ಲಿ “ಈ ಮಾತ್ರೆ ಇಟ್ಕೊಳ್ಳಲ್ಲ ಅಕ್ಕ, ಬೇಕಂದ್ರೆ ತರಿಸಿಕೊಡ್ತೀವಿ” ಎಂಬ ಉತ್ತರ ಸಾಮಾನ್ಯ. ವ್ಯಾಪಾರಿಯ ಕಷ್ಟವೂ ನಿಜವೇ. 200 ರೂ. ಬೆಲೆಯ ಪ್ಯಾಕಿನಲ್ಲಿ ಸಿಗುವ ಲಾಭ ಮೂವತ್ತು-ನಲವತ್ತು ರೂಪಾಯಿ. ಎರಡು ತಿಂಗಳಿಗೊಂದು ಮಾರಾಟವಾಗುವ ಸರಕಿಗೆ ಬಂಡವಾಳ ಹೂಡಿ, ಅವಧಿ ಮುಗಿದರೆ ಹಿಂದಿರುಗಿಸುವ ಪಾಡು ಯಾರಿಗೆ ಬೇಕು? ಬೇಡಿಕೆ ಇಲ್ಲದ್ದರಿಂದ ದಾಸ್ತಾನಿಲ್ಲ. ದಾಸ್ತಾನಿಲ್ಲದ್ದರಿಂದ ಬೇಡಿಕೆ ಬೆಳೆಯುವುದಿಲ್ಲ. ಸಂಕೋಚದಿಂದ ಬಾಯಿಬಿಟ್ಟು ಕೇಳದ ಅಗತ್ಯ ಯಾವ ವ್ಯಾಪಾರಿಯ ಮಾರಾಟ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಬೇಡಿಕೆ ಹೊರಬಂದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನಿದರ್ಶನ. ಅಲ್ಲಿ ಋತುಬಂಧದ ಬಗ್ಗೆ ಮುಕ್ತ ಚರ್ಚೆ ನಡೆದು ಬೇಡಿಕೆ ಏರಿದಾಗ 2022ರಲ್ಲಿ ಔಷಧದ ಅಭಾವವೇ ತಲೆದೋರಿತು. 2023ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಎರಡು ಚೀಟಿಗಳ ಶುಲ್ಕವನ್ನು ಮುಂಗಡ ಕಟ್ಟಿದರೆ ವರ್ಷವಿಡೀ ಎಚ್‌ಆರ್‌ಟಿ ಔಷಧ ಪಡೆಯುವ ವ್ಯವಸ್ಥೆ ಜಾರಿಗೆ ಬಂತು.

ಉದ್ಯೋಗದಾತರ ಗಮನಕ್ಕೆ

ಈ ವಿಷಯದಲ್ಲಿ ಸದಸ್ಯರು ಹೊಸ ನಿಧಿ ಹುಡುಕಬೇಕಿಲ್ಲ; ಈಗಾಗಲೇ ಕಟ್ಟುತ್ತಿರುವ ಹಣದ ಪ್ರಯೋಜನ ತಲುಪುವಂತೆ ನೋಡಿಕೊಂಡರೆ ಸಾಕು. ಮಾಸಿಕ 21,000 ರೂ.ವರೆಗೆ ವೇತನ ಪಡೆಯುವವರಿಗೆ ಅನ್ವಯಿಸುವ ನೌಕರರ ರಾಜ್ಯ ವಿಮಾ ಯೋಜನೆ (ಇಎಸ್‌ಐ) 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದ ಬಳಿಕವೂ ಮುಂದುವರಿದಿದೆ. 2019ರ ಜುಲೈನಲ್ಲಿ ಪರಿಷ್ಕರಿಸಿದಂತೆ ವಂತಿಗೆಯಲ್ಲಿ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಮೇಲಿನ ಉದಾಹರಣೆಯ 15,000 ರೂ. ವೇತನದ ಮಹಿಳೆಯ ಹೆಸರಿನಲ್ಲಿ ತಿಂಗಳಿಗೆ 600 ರೂ., ವರ್ಷಕ್ಕೆ 7,200 ರೂ. ಜಮೆಯಾಗುತ್ತಿದೆ. ಆಕೆಯ ವರ್ಷದ ಔಷಧದ ಖರ್ಚು 7,240 ರೂ. ತನ್ನ ಹೆಸರಿನಲ್ಲಿ ಅಷ್ಟು ಹಣ ಕಟ್ಟಲ್ಪಟ್ಟಿದ್ದರೂ ಆಕೆ ಅಂಗಡಿಯಲ್ಲಿ ಕೈಯಿಂದ ತೆರುತ್ತಾಳೆ, ಇಲ್ಲವೇ ಔಷಧವನ್ನೇ ಬಿಡುತ್ತಾಳೆ. ಇಂದಿರಾನಗರದ ಇಎಸ್‌ಐ ಆಸ್ಪತ್ರೆ ವರ್ತೂರಿನ ಭಾಗದವರಿಗೆ ತಲುಪಬಹುದಾದ ದೂರದಲ್ಲಿದೆ. ಹೋಗಿಬರಲು ಅರ್ಧ ದಿನದ ಅನುಮತಿ ಮತ್ತು ಚಾಲ್ತಿಯಲ್ಲಿರುವ ವಿಮಾ ಸಂಖ್ಯೆ, ಇವೆರಡೇ ಆಕೆಗೆ ಬೇಕಾಗಿರುವುದು. ಗುತ್ತಿಗೆದಾರರ ಮೂಲಕ ಸ್ವಚ್ಛತಾ ಸಿಬ್ಬಂದಿ ಪಡೆಯುವ ಸಂಸ್ಥೆಗಳು ವಂತಿಗೆಯ ಚಲನ್‌ನಲ್ಲಿ ಪ್ರತಿಯೊಬ್ಬರ ಹೆಸರೂ ಇದೆಯೇ ಎಂದು ಪ್ರತಿ ತಿಂಗಳು ಪರಿಶೀಲಿಸಬೇಕು. ಪ್ರಧಾನ ಉದ್ಯೋಗದಾತರ ಹೊಣೆ ಗುತ್ತಿಗೆ ಪತ್ರದಿಂದ ಮುಗಿಯುವುದಿಲ್ಲ.

ಹೊಸ ಕಾರ್ಮಿಕ ಸಂಹಿತೆಗಳಲ್ಲಿ 40 ವರ್ಷ ಮೀರಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಆಶಯವಿದೆ. ಋತುಬಂಧದ ವಯಸ್ಸು ಇದರೊಳಗೇ ಬರುತ್ತದೆ. ತಪಾಸಣೆಗೆ ಬರುವ ವೈದ್ಯರ ಪಟ್ಟಿಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರನ್ನು ಸೇರಿಸಿ, ಪ್ರತ್ಯೇಕ ಕೊಠಡಿ ಕೊಟ್ಟರೆ ಹೆಚ್ಚುವರಿ ಖರ್ಚು ಅತ್ಯಲ್ಪ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು. ಮುಟ್ಟಿನ ಬಗ್ಗೆ ಕಚೇರಿಗಳಲ್ಲಿ ಮಾತನಾಡಲು ಇದು ದಾರಿ ಮಾಡಿದೆ. ಮುಟ್ಟು ನಿಲ್ಲುವ ಕಾಲದ ಬಗ್ಗೆಯೂ ಅದೇ ವೇದಿಕೆಯಲ್ಲಿ ಮಾತು ಆರಂಭವಾಗಬಹುದು.

ಇಎಸ್‌ಐ ಮಿತಿಗಿಂತ ಹೆಚ್ಚು ವೇತನ ಪಡೆಯುವವರಿಗೆ ಸಂಸ್ಥೆಗಳು ಕೊಡಿಸುವ ಸಮೂಹ ವಿಮೆ ಬಹುತೇಕ ಆಸ್ಪತ್ರೆ ದಾಖಲಾತಿಗೆ ಸೀಮಿತ. ಎಚ್‌ಆರ್‌ಟಿ ಹೊರರೋಗಿ ಚಿಕಿತ್ಸೆಯಾದ್ದರಿಂದ ಅದರಲ್ಲಿ ಬರುವುದಿಲ್ಲ. ನವೀಕರಣದ ಸಮಯದಲ್ಲಿ ಹೊರರೋಗಿ ವೆಚ್ಚಕ್ಕೊಂದು ಸಣ್ಣ ಮಿತಿ ಸೇರಿಸಲು ವಿಮಾ ಸಂಸ್ಥೆಯನ್ನು ಕೇಳಬಹುದು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಮುಂಜಾಗ್ರತಾ ತಪಾಸಣೆಗೆ 5,000 ರೂ.ವರೆಗೆ ವಿನಾಯಿತಿ ಇದೆಯೇ ಹೊರತು ಅರವತ್ತರೊಳಗಿನವರ ಔಷಧದ ಬಿಲ್ಲಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಮನೆಗೆಲಸದವರು, ಬೀದಿಬದಿ ವ್ಯಾಪಾರಿಗಳು ಮುಂತಾದ, ಯಾವ ವಿಮೆಯ ವ್ಯಾಪ್ತಿಗೂ ಬಾರದ ಮಹಿಳೆಯರಿಗೆ ಸರ್ಕಾರಿ ಆಸ್ಪತ್ರೆಗಳೇ ಆಸರೆ. ‘ನಮ್ಮ ಕ್ಲಿನಿಕ್’ಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ, ತಜ್ಞ ಸಲಹೆಗೆ ಸಿ.ವಿ. ರಾಮನ್ ಆಸ್ಪತ್ರೆ ಅಥವಾ ವಾಣಿವಿಲಾಸ ಆಸ್ಪತ್ರೆಗೆ ಹೋಗಬಹುದು. ಅಲ್ಲಿ ಔಷಧ ಸಿಗದಿದ್ದರೂ ಮೂಲ ಹೆಸರಿನ ಚೀಟಿಯೊಂದಿಗೆ ಜನೌಷಧಿ ಕೇಂದ್ರಕ್ಕೆ ಹೋದರೆ ತಜ್ಞರ ಶುಲ್ಕ ಮತ್ತು ಔಷಧದ ಬೆಲೆ ಎರಡರಲ್ಲೂ ಉಳಿತಾಯ. ವಸತಿ ಸಮುಚ್ಚಯಗಳ ಸಂಘಗಳು ವರ್ಷಕ್ಕೊಮ್ಮೆ ತಮ್ಮ ಮನೆಗೆಲಸದ ಮಹಿಳೆಯರಿಗೂ ತಪಾಸಣಾ ಶಿಬಿರ ಏರ್ಪಡಿಸಿದರೆ ಅದಕ್ಕಿಂತ ಉಪಯುಕ್ತವಾದ ವೆಚ್ಚ ಬೇರೊಂದಿರಲಾರದು.

ಹತ್ತಾರು ವರ್ಷ ತರಬೇತಿ ಪಡೆದ ನೌಕರಳೊಬ್ಬಳು ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರಣ ಹೇಳದೆ ಕೆಲಸ ಬಿಟ್ಟರೆ, ಹೊಸಬರನ್ನು ಹುಡುಕಿ ಪಳಗಿಸಲು ಸಂಸ್ಥೆಗೆ ತಗಲುವ ವೆಚ್ಚ ವರ್ಷದ 11,440 ರೂ.ಗಿಂತ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಪ್ರತಿಯೊಬ್ಬ ಉದ್ಯಮಿಯೂ ತನ್ನ ಲೆಕ್ಕದಲ್ಲೇ ಕಂಡುಕೊಳ್ಳಬಹುದು. ಮುಂದಿನ ವಿಮಾ ನವೀಕರಣಕ್ಕೆ ಮುನ್ನ ಮತ್ತು ಮುಂದಿನ ಆರೋಗ್ಯ ತಪಾಸಣೆಗೆ ಮುನ್ನ, ತಮ್ಮ ಸಂಸ್ಥೆಯಲ್ಲಿ 40 ವರ್ಷ ಮೀರಿದ ಮಹಿಳೆಯರು ಎಷ್ಟು ಮಂದಿ, ಅವರಲ್ಲಿ ಇಎಸ್‌ಐ ವ್ಯಾಪ್ತಿಯಲ್ಲಿರುವವರು ಎಷ್ಟು ಮಂದಿ ಎಂಬ ಎರಡು ಸಂಖ್ಯೆಗಳನ್ನು ಸದಸ್ಯರು ಸಿಬ್ಬಂದಿ ವಿಭಾಗದಿಂದ ತರಿಸಿಕೊಳ್ಳುವುದು ಉತ್ತಮ ಆರಂಭವಾದೀತು.